‘ಜಡದಿಂದ ಚೈತನ್ಯ’: ಆ ‘ಇಂದ’ವನ್ನು ಕೂಡಿ ಕುಳಿತು ವಿಚಾರಿಸುವ ಕ್ರಮ

ಬರಿಯ ಭೌತಿಕ ಕ್ರಿಯೆಗಳಿಂದ ಅರಿವು ಹುಟ್ಟಬಲ್ಲುದೆ ಎಂಬ ಪ್ರಶ್ನೆಯನ್ನು ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಐದು ಮಂದಿ ಕೂಡಿ ಎರಡು ಮಳೆಗಾಲ ವಿಚಾರಿಸಿದ್ದೇವೆ. ಮೊದಲನೆಯದು ಪೂರ್ತಿ ವ್ಯರ್ಥವಾಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನಾನು, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು, ಶೃಂಗೇರಿಯಲ್ಲಿ ಓದಿ ಬಂದ ಸಂಸ್ಕೃತದ ಮೇಷ್ಟ್ರು, ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ದುಡಿದ ಸಿಸ್ಟರ್ ಒಬ್ಬರು ಮತ್ತು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅವರ ಮಗ, ಇಷ್ಟು ಜನ ಭಾನುವಾರ ಸಂಜೆ ಸೇರಿ, ಗಂಟಲು ಕಟ್ಟುವಷ್ಟು ವಾದಿಸಿ, ತಂದ ಅಭಿಪ್ರಾಯವನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆವು. ಎರಡನೆಯ ಮಳೆಗಾಲದ ಹೊತ್ತಿಗೆ ಪ್ರಶ್ನೆಯನ್ನು ಯಾವ ತುದಿಯಿಂದ ಹಿಡಿಯಬೇಕೆಂಬುದು ಅಷ್ಟಿಷ್ಟು ತಿಳಿದಿತ್ತು. ಆ ಕ್ರಮವನ್ನು, ಹೀಗೆ ಕೂಡಿ ವಿಚಾರಿಸಬೇಕೆನ್ನುವ ಬೇರೆಯವರಿಗೂ ಉಪಯೋಗವಾಗಲೆಂದು, ಇಲ್ಲಿ ಬರೆದಿಡುತ್ತಿದ್ದೇನೆ.

ಸಿದ್ಧತೆ ಹೆಚ್ಚೇನೂ ಬೇಡ. ಏಳು ಜನಕ್ಕಿಂತ ಹೆಚ್ಚಾದರೆ ಮಾತು ಭಾಷಣವಾಗುತ್ತದೆ, ಆದ್ದರಿಂದ ಅದಕ್ಕಿಂತ ಕಡಿಮೆ ಇರಲಿ. ಆರು ಭಾನುವಾರ ಸಾಕು. ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ಒಂದು ಕಟ್ಟು ಕಾಗದದ ಚೀಟಿ, ಎಲೆಯಡಿಕೆ ತಟ್ಟೆ ಮತ್ತು ಒಂದು ಕುಟ್ಟಾಣಿ ಬೇಕು. ಕುಟ್ಟಾಣಿ ಏಕೆಂಬುದು ಮೂರನೆಯ ಭಾನುವಾರಕ್ಕೆ ತಿಳಿಯುತ್ತದೆ. ಇತ್ತೀಚೆಗೆ ಸಾವು ನಡೆದ ಮನೆಯಲ್ಲಿ ಮಾತ್ರ ಈ ಕೂಟವನ್ನು ಇಟ್ಟುಕೊಳ್ಳಬೇಡಿ. ಅಲ್ಲಿ ಈ ಪ್ರಶ್ನೆಗೆ ಬೇಕಾಗಿರುವುದು ಸಮಾಧಾನ, ವಿಚಾರವಲ್ಲ, ಮತ್ತು ಸಮಾಧಾನ ಹೇಳಲು ಹೊರಟವನು ವಿಚಾರದಲ್ಲಿ ಪ್ರಾಮಾಣಿಕನಾಗಿ ಉಳಿಯುವುದು ಕಷ್ಟ.

ಮೊದಲು ಮಾತನ್ನು ಬಿಡಿಸಿಕೊಳ್ಳುವುದು

ಮೊದಲ ದಿನ ಯಾರೂ ವಾದ ಮಾಡಕೂಡದು. ಪ್ರತಿಯೊಬ್ಬರೂ ‘ಪ್ರಜ್ಞೆ’ ಎಂಬ ಪದವಿರುವ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ನಮ್ಮ ಡಬ್ಬಿಯಿಂದ ಹೊರಬಂದ ವಾಕ್ಯಗಳಲ್ಲಿ ‘ರೋಗಿಗೆ ಇನ್ನೂ ಪ್ರಜ್ಞೆ ಬಂದಿಲ್ಲ’, ‘ಅವನಿಗೆ ಸಮಯಪ್ರಜ್ಞೆ ಕಡಿಮೆ’, ‘ಇದು ಪ್ರಜ್ಞಾಪೂರ್ವಕವಾಗಿ ಮಾಡಿದ ತಪ್ಪು’, ‘ಪ್ರಜ್ಞಾನಂ ಬ್ರಹ್ಮ’ ಎಂಬಿವು ಇದ್ದವು. ಸಿಸ್ಟರ್ ಹೇಳಿದ್ದು ಎಚ್ಚರ. ಎಚ್ಚರವನ್ನು ಅವರು ಕಣ್ಣು ತೆರೆಯುವುದರಿಂದ, ಕೈ ಹಿಸುಕಿದರೆ ಹಿಸುಕುವುದರಿಂದ ಅಳೆಯುತ್ತಿದ್ದರು. ಎರಡನೆಯದು ಒಂದು ಬಗೆಯ ಜಾಣತನ, ಮೂರನೆಯದು ಉದ್ದೇಶ, ನಾಲ್ಕನೆಯದು ಐತರೇಯೋಪನಿಷತ್ತಿನ ಮಹಾವಾಕ್ಯ, ಸಮಸ್ತಕ್ಕೂ ಆಧಾರವೆಂದು ಅದು ಹೇಳುವ ತತ್ತ್ವ. ಒಂದೇ ಪದದ ನಾಲ್ಕು ಅರ್ಥ ಹಿಡಿದ ನಾಲ್ವರು ಒಂದು ವರ್ಷ ಜಗಳವಾಡಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ನಮ್ಮ ಪ್ರಶ್ನೆಗೆ ಬೇಕಾದ ಅರ್ಥವನ್ನು ಯಾರೂ ಬರೆದಿರಲಿಲ್ಲ. ಅಮೆರಿಕದ ತತ್ತ್ವಶಾಸ್ತ್ರಜ್ಞ ಥಾಮಸ್ ನೇಗಲ್ 1974ರಲ್ಲಿ ಬಾವಲಿಯನ್ನು ಮುಂದಿಟ್ಟು ಅದನ್ನು ತೋರಿಸಿಕೊಟ್ಟರು. ಬಾವಲಿ ಪ್ರತಿಧ್ವನಿಯಿಂದ ದಾರಿ ಕಾಣುವ ಬಗೆಯನ್ನು ನಾವು ಎಷ್ಟೇ ವಿವರವಾಗಿ ಅಳೆದರೂ, ಬಾವಲಿಯಾಗಿರುವುದು ಬಾವಲಿಗೆ ಹೇಗನ್ನಿಸುತ್ತದೆ ಎಂಬುದು ಆ ಅಳತೆಯೊಳಗೆ ಸಿಕ್ಕುವುದಿಲ್ಲ. (ಹಣ್ಣಿಗೆ ಮುತ್ತುವ ದೊಡ್ಡ ಬಾವಲಿಯಲ್ಲ, ಅದು ಬಹುಮಟ್ಟಿಗೆ ಕಣ್ಣನ್ನೇ ನೆಚ್ಚಿದ ಪ್ರಾಣಿ. ಹಳೆಯ ಮನೆಗಳ ಹಂಚಿನ ಸಂದಿಯಲ್ಲಿ ನೇತಾಡುವ, ಹುಳ ಹಿಡಿಯುವ ಪುಟ್ಟ ಜಾತಿಯದನ್ನು ನೆನೆಯಬೇಕು.) ಕಾಫಿಯ ಕಹಿ ನಾಲಿಗೆಗೆ ತಗುಲಿದಾಗ ‘ಹೀಗನ್ನಿಸುತ್ತದೆ’ ಎಂಬ ಒಳಗಿನ ಸಂಗತಿ ಇದೆಯಲ್ಲ, ಇನ್ನು ಮುಂದೆ ‘ಅರಿವು’ ಎಂದರೆ ಅದೊಂದೇ ಎಂದು ಎಲ್ಲರೂ ಒಪ್ಪಿಕೊಳ್ಳಿ. ಉಳಿದ ಅರ್ಥಗಳಿಗೆ ಎಚ್ಚರ, ಗಮನ, ಉದ್ದೇಶ ಎಂಬ ಬೇರೆ ಪದಗಳಿವೆ.

ಅದೇ ಸಂಜೆ ಇನ್ನೊಂದು ಪದವನ್ನೂ ಬಿಡಿಸಬೇಕು, ಮತ್ತು ನನ್ನ ಅನುಭವದಲ್ಲಿ ಇಡೀ ವಿಚಾರದ ಬೀಗ ಇರುವುದು ಅಲ್ಲಿಯೇ. ‘ಜಡದಿಂದ ಚೈತನ್ಯ ಬರುತ್ತದೆಯೆ’ ಎಂದು ಕೇಳುವಾಗ ಆ ‘ಇಂದ’ ಯಾವ ‘ಇಂದ’? ಕನ್ನಡ ಈ ಒಂದು ಪ್ರತ್ಯಯಕ್ಕೆ ಎಷ್ಟೊಂದು ಕೆಲಸ ಹಚ್ಚಿದೆ ನೋಡಿ. ಮಣ್ಣಿನಿಂದ ಮಡಕೆ ಆಗುತ್ತದೆ. ಮಣ್ಣು ಮಣ್ಣಾಗಿಯೇ ಉಳಿದು ಆಕಾರ ಪಡೆಯುತ್ತದೆ. ಹಾಲಿನಿಂದ ಮೊಸರು ಆಗುತ್ತದೆ; ಹಾಲು ಹಾಲಾಗಿ ಉಳಿಯುವುದಿಲ್ಲ. ಬೆಂಕಿಯಿಂದ ಹೊಗೆ ಏಳುತ್ತದೆ. ಹೊಗೆ ಬೇರೆಯಾಗಿ ತೇಲಿಹೋಗುತ್ತದೆ, ಬೆಂಕಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ದೀಪದಿಂದ ಕೋಣೆಯ ಸಾಮಾನು ಕಾಣುತ್ತದೆ; ದೀಪ ಸಾಮಾನನ್ನು ಉಂಟುಮಾಡಿಲ್ಲ, ಕಾಣುವವನನ್ನೂ ಉಂಟುಮಾಡಿಲ್ಲ. ಕಾಲಿನಿಂದ ನಡೆಯುತ್ತೇವೆ, ನಡಿಗೆ ಎಂಬ ವಸ್ತು ಕಾಲಿನೊಳಗಿಂದ ಹೊರಗೆ ಬರುವುದಿಲ್ಲ, ಕಾಲು ಮಾಡುವ ಕೆಲಸವೇ ನಡಿಗೆ. ಈ ಐದನ್ನೂ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಮುಂದೆ ಯಾರು ಏನು ಹೇಳಿದರೂ ‘ಯಾವ ಇಂದ?’ ಎಂದು ಕೇಳುವ ಹಕ್ಕು ಎಲ್ಲರಿಗೂ ಇರಲಿ.

ಅವಲಂಬನೆಯ ಸಾಕ್ಷ್ಯ

ಎರಡನೆಯ ಭಾನುವಾರ, ಅರಿವು ದೇಹವನ್ನು ಅವಲಂಬಿಸಿದೆ ಎಂಬುದಕ್ಕೆ ಏನೇನು ಸಾಕ್ಷ್ಯವಿದೆಯೋ ಅದನ್ನಷ್ಟೇ ಕಲೆಹಾಕಿ. ತೀರ್ಪು ಬೇಡ. ನಮ್ಮ ಊರಿನಲ್ಲಿ ಇದನ್ನು ಕಾಫಿಯಿಂದಲೇ ಆರಂಭಿಸುವುದು ಸಹಜ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತ ಹೋಗುತ್ತದೆ. ನರಕೋಶಗಳ ಮೇಲೆ ಅದು ಕೂರುವ ಜಾಗಗಳಲ್ಲಿ ಕೂತಷ್ಟೂ ತೂಕಡಿಕೆ. ಕೆಫೀನ್ ಅಣು ಅದೇ ಜಾಗಗಳನ್ನು ಆಕ್ರಮಿಸಿ ಅಡಿನೋಸಿನ್ನಿಗೆ ಎಡೆಗೊಡುವುದಿಲ್ಲ. ಮನಸ್ಸು ಚುರುಕಾಯಿತೆಂದು ನಾವು ಹೇಳುವುದರ ಹಿಂದೆ ನಡೆದಿರುವುದು ಇಷ್ಟು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಬರುವ ಜೇನುಹುಳಗಳ ಮೇಲೂ ಇದು ಕೆಲಸ ಮಾಡುತ್ತದೆ. ಕಾಫಿ ಹೂವಿನ ಮಕರಂದದಲ್ಲಿ ಕೆಫೀನ್ ಇದೆಯೆಂದೂ, ಅಷ್ಟು ಕೆಫೀನ್ ಸೇರಿದ ಸಿಹಿ ಕುಡಿದ ಜೇನುಹುಳಗಳಲ್ಲಿ ಒಂದು ದಿನ ಕಳೆದ ಮೇಲೂ ಆ ಪರಿಮಳವನ್ನು ನೆನಪಿಟ್ಟವುಗಳ ಸಂಖ್ಯೆ ಬರಿಯ ಸಕ್ಕರೆನೀರು ಕುಡಿದವುಗಳಿಗಿಂತ ಮೂರು ಪಟ್ಟಿತ್ತೆಂದೂ 2013ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇದನ್ನು ಕೇಳಿದ ನಮ್ಮ ಬೆಳೆಗಾರರು ತಮ್ಮ ತೋಟದ ಜೇನು ಬಿಟ್ಟುಹೋಗದಿರುವುದಕ್ಕೆ ಈಗ ಕಾರಣ ಗೊತ್ತಾಯಿತೆಂದು ನಕ್ಕರು.

ಕಾಫಿ ಅರಿವನ್ನು ಚೂಪುಮಾಡುತ್ತದೆ, ಅಷ್ಟೆ. ಅರಿವನ್ನು ಪೂರ್ತಿ ಆರಿಸುವುದು ಅರಿವಳಿಕೆ. ಅನಸ್ತೇಸಿಯಾಕ್ಕೆ ಕನ್ನಡದವರು ಕೊಟ್ಟಿರುವ ಹೆಸರೇ ಅದು. 1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿಸಿದ ದಿನದಿಂದ, ತತ್ತ್ವಶಾಸ್ತ್ರದ ಈ ಪ್ರಶ್ನೆ ದಿನವೂ ಆಸ್ಪತ್ರೆಗಳಲ್ಲಿ ಪ್ರಯೋಗಕ್ಕೊಳಗಾಗುತ್ತಿದೆ ಎನ್ನಬಹುದು. ನನಗೆ ಪಿತ್ತಕೋಶದ ಆಪರೇಷನ್ ಆದಾಗ ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. ತೊಂಬತ್ತಾರು ಎಂದದ್ದು ನೆನಪಿದೆ. ಮರುಕ್ಷಣ ಯಾರೋ ನನ್ನ ಕೆನ್ನೆ ತಟ್ಟಿ ‘ಸಾರ್, ಮುಗೀತು’ ಎನ್ನುತ್ತಿದ್ದರು. ನಿದ್ದೆಯಿಂದ ಎದ್ದಾಗ ಇಷ್ಟು ಹೊತ್ತು ಮಲಗಿದ್ದೆ ಎಂಬ ಅಂದಾಜಾದರೂ ಇರುತ್ತದೆ. ಇಲ್ಲಿ ಎರಡು ಗಂಟೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಎರಡು ತುದಿಗಳನ್ನು ಜೋಡಿಸಿದ ಹಾಗಿತ್ತು. ಅದಕ್ಕಿಂತ ಅಚ್ಚರಿಯ ವಿಷಯವೆಂದರೆ ಕ್ಸೆನಾನ್ ಅನಿಲ ಕೂಡ ಅರಿವಳಿಕೆಯಾಗಬಲ್ಲುದು ಎಂಬುದು. ಸಾಮಾನ್ಯವಾಗಿ ಯಾವ ಧಾತುವಿನೊಂದಿಗೂ ಬೆರೆಯಲೊಲ್ಲದ, ಜಡ ಅನಿಲವೆಂದೇ ನಾನು ಪಾಠ ಮಾಡಿದ್ದ ವಸ್ತು ಚೈತನ್ಯವನ್ನು ನಂದಿಸಿ ಮತ್ತೆ ಹಿಂದಿರುಗಿಸುತ್ತದೆ.

ಮಿದುಳಿಗೆ ಪೆಟ್ಟಾದವರ ಕಥೆಗಳನ್ನು ಹೇಳುವಾಗ ಎಚ್ಚರಿಕೆ ಬೇಕು. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಫಿನಿಯಸ್ ಗೇಜ್ ಎಂಬ ರೈಲುಹಾದಿಯ ಮೇಸ್ತ್ರಿಯ ತಲೆಯನ್ನು ಮೂರಡಿಗೂ ಉದ್ದದ ಕಬ್ಬಿಣದ ಸಲಾಕೆ ತೂರಿಹೋಗಿ, ಆತ ಬದುಕಿಕೊಂಡರೂ ಸ್ವಭಾವ ಬೇರೆಯಾದ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಆದರೆ ಅವನ ಬದಲಾವಣೆಯನ್ನು ಆಮೇಲಿನವರು ಬಹಳ ಹಿಗ್ಗಿಸಿದ್ದಾರೆ. ಆ ಕಥೆಗಿಂತ ‘ಸಣ್ಣ ಮಿದುಳು’ (ಸೆರೆಬೆಲ್ಲಮ್) ಎಂಬ ಭಾಗದ ಲೆಕ್ಕ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದು, ಅವುಗಳಲ್ಲಿ ಸುಮಾರು 6,900 ಕೋಟಿ ಇರುವುದು ಹಿಂಭಾಗದ ಸಣ್ಣ ಮಿದುಳಿನಲ್ಲಿ. ಅದೇ ಇಲ್ಲದೆ ಹುಟ್ಟಿದ 24 ವರ್ಷದ ಮಹಿಳೆಯೊಬ್ಬರ ವಿಷಯ 2014ರಲ್ಲಿ ಚೀನಾದಿಂದ ವರದಿಯಾಯಿತು. ನಡಿಗೆ ತೂರಾಡುತ್ತಿತ್ತು, ಮಾತು ತೊದಲುತ್ತಿತ್ತು, ಅರಿವಿಗೆ ಮಾತ್ರ ಏನೂ ಆಗಿರಲಿಲ್ಲ. ನರಕೋಶಗಳ ರಾಶಿ ಹಾಕಿದ ಮಾತ್ರಕ್ಕೆ ಅರಿವು ಬರುವುದಿಲ್ಲ, ಅವು ಹೇಗೆ ಹೆಣೆದುಕೊಂಡಿವೆ ಎಂಬುದು ಮುಖ್ಯ ಎಂದು ಇದರಿಂದ ತಿಳಿಯುತ್ತದೆ. ಗೋಡೆಯ ಮೇಲಿನ ಹಾಳೆಗೆ ಹೋಲಿಸಿದರೆ, ಬರೀ ಮಣ್ಣು ಇದ್ದರೆ ಸಾಲದು, ಮಡಕೆಯ ಆಕಾರ ಬೇಕು.

ತಾಂಬೂಲ ಮತ್ತು ದೀಪ

ಮೂರನೆಯ ಭಾನುವಾರವನ್ನು ನಮ್ಮ ಕಡೆಯವರ ವಾದಗಳಿಗೆ ಮೀಸಲಿಡಿ. ಶೃಂಗೇರಿ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಆತ್ಮವನ್ನು ಸಿದ್ಧಮಾಡುವ ಗ್ರಂಥಗಳಿಗೆ ಬರವಿಲ್ಲ. ಆದರೆ ಜಡವಾದವನ್ನು ತಿಳಿಯಲೂ ಅಲ್ಲಿಗೇ ಹೋಗಬೇಕೆಂಬುದು ಹಲವರಿಗೆ ಹೊಳೆಯುವುದಿಲ್ಲ. 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ವನ್ನು ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರದೆಂದು ಪರಂಪರೆ ಹೇಳುತ್ತದೆ, ವಿದ್ವಾಂಸರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿದೆ. ಅದು ಯಾರದೇ ಇರಲಿ, ಆ ಗ್ರಂಥದ ಮೊದಲ ಅಧ್ಯಾಯವೇ ಚಾರ್ವಾಕ ದರ್ಶನ. ಭೂಮಿ, ನೀರು, ಬೆಂಕಿ, ಗಾಳಿ ಎಂಬ ನಾಲ್ಕು ಭೂತಗಳು ದೇಹವಾಗಿ ಪರಿಣಮಿಸಿದಾಗ, ಕಿಣ್ವವೇ ಮೊದಲಾದವುಗಳಿಂದ ಮದಶಕ್ತಿ ಹುಟ್ಟುವಂತೆ, ಚೈತನ್ಯ ಹುಟ್ಟುತ್ತದೆ, ಅವು ನಾಶವಾದಾಗ ತಾನೂ ನಾಶವಾಗುತ್ತದೆ ಎಂದು ಅಲ್ಲಿ ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಇಂದಿನ ಶಾಲೆಯ ಪುಸ್ತಕದಲ್ಲಿ ಜೀರ್ಣರಸದ ಪಾಠದಲ್ಲಿ ಬರುವ ಅದೇ ‘ಕಿಣ್ವ’ ಪದ ಇಲ್ಲಿ ಮದ್ಯಕ್ಕೆ ಹಾಕುವ ಹುದುಗು.

ಚಾರ್ವಾಕರ ಇನ್ನೊಂದು ದೃಷ್ಟಾಂತ ತಾಂಬೂಲದ್ದು, ಮತ್ತು ಅದನ್ನು ಓದುವುದಕ್ಕಿಂತ ಮಾಡಿ ನೋಡುವುದು ಮೇಲು. ಬಿಳಿಯ ಪಿಂಗಾಣಿ ತಟ್ಟೆಯ ಮೇಲೆ ಹಸಿರು ಎಲೆ, ಕಂದು ಅಡಿಕೆ, ಬಿಳಿಯ ಸುಣ್ಣ ಇಡಿ. ಕೆಂಪು ಎಲ್ಲಿಯೂ ಇಲ್ಲವೆಂಬುದನ್ನು ಎಲ್ಲರೂ ಖಚಿತಪಡಿಸಿಕೊಳ್ಳಲಿ. ಬಳಿಕ ಕುಟ್ಟಾಣಿಗೆ ಹಾಕಿ, ಹನಿ ನೀರು ಬಿಟ್ಟು ಕುಟ್ಟಿ. ಕೆಂಪು ಏಳುತ್ತದೆ. ಅಡಿಕೆಯ ಒಗರು ವಸ್ತುಗಳು ಸುಣ್ಣದ ಕ್ಷಾರದಲ್ಲಿ ಬಣ್ಣ ತಿರುಗುವುದು ಇದಕ್ಕೆ ಕಾರಣ. ಬಿಡಿಬಿಡಿಯಲ್ಲಿ ಇಲ್ಲದ ಗುಣ ಕೂಡಿದಾಗ ಬಂದಿತು. ಹಾಗೆಯೇ ಅರಿವೂ ಏಕೆ ಬರಬಾರದು? ಎಂಜಿನಿಯರಿಂಗ್ ಹುಡುಗ ಇಲ್ಲಿಗೆ ಪ್ರಶ್ನೆ ಮುಗಿಯಿತೆಂದು ಎದ್ದು ನಿಂತಿದ್ದ.

ಆಗ ಸಂಸ್ಕೃತದ ಮೇಷ್ಟ್ರು, ‘ಕೂತ್ಕೊಳಪ್ಪಾ, ಯಾವ ಇಂದ?’ ಎಂದರು. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, 53 ಮತ್ತು 54ನೆಯ ಸೂತ್ರಗಳ ಭಾಷ್ಯದಲ್ಲಿ ಶಂಕರರು ಇದೇ ಮತವನ್ನು ಎತ್ತಿಕೊಂಡಿದ್ದಾರೆ. ಚೈತನ್ಯ ದೇಹದ ಗುಣವಾದರೆ ದೇಹ ಇರುವವರೆಗೂ ಇರಬೇಕಿತ್ತು. ಹೆಣದಲ್ಲಿ ರೂಪವಿದೆ, ಆಕಾರವಿದೆ, ಚೈತನ್ಯವಿಲ್ಲ. ಇನ್ನು ದೇಹವಿದ್ದರೆ ಅರಿವು, ಇಲ್ಲದಿದ್ದರೆ ಇಲ್ಲ ಎನ್ನುವುದಾದರೆ, ದೀಪವಿದ್ದರೆ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ. ಅಷ್ಟರಿಂದ ಕಾಣುವಿಕೆ ದೀಪದ ಗುಣವಾಗುವುದಿಲ್ಲ. ಎರಡನೆಯ ಭಾನುವಾರ ನಾವು ಕಲೆಹಾಕಿದ ಕಾಫಿ, ಈಥರ್, ಕ್ಸೆನಾನ್ ಎಲ್ಲವೂ ಅವಲಂಬನೆಯ ಸಾಕ್ಷ್ಯಗಳೇ ಹೊರತು ಉತ್ಪತ್ತಿಯ ಸಾಕ್ಷ್ಯಗಳಲ್ಲ ಎಂಬುದು ಈ ಒಂದು ದೀಪದಿಂದ ಬಯಲಾಯಿತು. ಹೆಣದ ವಾದ ಮಾತ್ರ ಈಗ ಅಷ್ಟು ಗಟ್ಟಿಯಲ್ಲವೆಂದು ನನ್ನ ಅಭಿಪ್ರಾಯ. ಕೆಲಸ ನಿಂತ ಮಿದುಳು ಕೆಲಸ ಮಾಡುವ ಮಿದುಳಿನಂಥದೇ ಭೌತಿಕ ವಸ್ತುವಲ್ಲ. ನಿಂತ ಕಾಲಿನಲ್ಲಿ ನಡಿಗೆ ಇಲ್ಲವೆಂದು ನಡಿಗೆ ಕಾಲಿನದಲ್ಲ ಎನ್ನಲಾಗುವುದಿಲ್ಲ.

ದೀಪದ ವಾದಕ್ಕೆ ಜಡವಾದಿ ಸಾಮಾನ್ಯವಾಗಿ ಕೊಡುವ ಉತ್ತರವನ್ನು ನಾನೂ ಕೊಟ್ಟೆ: ರೇಡಿಯೋ ಕೆಟ್ಟರೆ ಹಾಸನ ಆಕಾಶವಾಣಿಯ ವಾರ್ತೆ ಗೊರಗೊರ ಎನ್ನಬಹುದು, ಆದರೆ ವಾರ್ತೆಯ ಒಕ್ಕಣೆ ಬದಲಾಗುವುದಿಲ್ಲ, ಮಿದುಳು ಕೆಟ್ಟರೆ ಒಕ್ಕಣೆಯೇ ಬದಲಾಗುತ್ತದೆ. ಮಿದುಳಿನ ಒಂದು ಭಾಗಕ್ಕೆ ಪೆಟ್ಟಾದವರಿಗೆ ಬಣ್ಣ ಕಾಣುವುದಿಲ್ಲ, ಇನ್ನೊಂದು ಭಾಗಕ್ಕೆ ಪೆಟ್ಟಾದವರಿಗೆ ಹೆಂಡತಿಯ ಮುಖ ಮುಖವೆಂದು ಕಂಡರೂ ಯಾರದೆಂದು ತಿಳಿಯುವುದಿಲ್ಲ. ಆದ್ದರಿಂದ ಮಿದುಳು ಬರಿಯ ರೇಡಿಯೋ ಅಲ್ಲ. ಉತ್ತರ ಚೆನ್ನಾಗಿತ್ತೆಂದು ನಾನು ಬೀಗುತ್ತಿರುವಾಗಲೇ ಮೇಷ್ಟ್ರು ಅದನ್ನು ಬುಡಸಹಿತ ಕಿತ್ತರು. ಅದ್ವೈತದಲ್ಲಿ, ಅದಕ್ಕೂ ಮುಂಚೆ ಸಾಂಖ್ಯದಲ್ಲಿ, ನೆನಪು, ಬುದ್ಧಿ, ಗುರುತು ಹಿಡಿಯುವುದು, ‘ನಾನು’ ಎನ್ನುವುದು ಎಲ್ಲವೂ ಅಂತಃಕರಣದ, ಎಂದರೆ ಮನಸ್ಸೆಂಬ ಒಳಗಿನ ಸಾಧನದ, ವೃತ್ತಿಗಳು (ಚಟುವಟಿಕೆಗಳು), ಮತ್ತು ಅಂತಃಕರಣ ಜಡ. ಮನಸ್ಸು ಕೆಡುತ್ತದೆ, ಒಪ್ಪಿದೆ; ಕೆಟ್ಟದ್ದನ್ನು ಕಾಣುವ ಸಾಕ್ಷಿಯ ಮಾತು ಬೇರೆ.

ಈ ಮಾತಿನ ಮೇಲೆ ಒಂದು ಭಾನುವಾರ ಪೂರ್ತಿ ಕಳೆದರೂ ನಷ್ಟವಿಲ್ಲ. ಯೂರೋಪಿನವರು ಫ್ರಾನ್ಸಿನ ತತ್ತ್ವಜ್ಞ ಡೇಕಾರ್ಟನ ಕಾಲದಿಂದ ಗೆರೆ ಎಳೆದದ್ದು ಮನಸ್ಸು ಒಂದು ಕಡೆ, ದೇಹ ಇನ್ನೊಂದು ಕಡೆ ಎಂದು. ನಮ್ಮವರ ಗೆರೆ ಮನಸ್ಸನ್ನೂ ದೇಹದ ಕಡೆಗೇ ತಳ್ಳಿ, ಬರಿಯ ಅರಿವನ್ನು ಮಾತ್ರ ಆಚೆ ಇಟ್ಟಿತು. 1995ರಲ್ಲಿ ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್, ನೆನಪು, ಗಮನ, ವರದಿ ಮಾಡುವುದು ಇವು ಸುಲಭದ ಸಮಸ್ಯೆಗಳು, ಇವೆಲ್ಲದರ ಜೊತೆಗೆ ಒಳಗೆ ಏನೋ ಅನ್ನಿಸುವುದೇಕೆ ಎಂಬುದು ಕಠಿಣ ಸಮಸ್ಯೆ ಎಂದು ವಿಂಗಡಿಸಿದಾಗ, ಗೆರೆ ಹೆಚ್ಚುಕಡಿಮೆ ನಮ್ಮವರು ಎಳೆದಿದ್ದ ಜಾಗಕ್ಕೇ ಬಂದು ನಿಂತಿತು. ಇದರಿಂದ ಅದ್ವೈತ ಗೆದ್ದಿತೆಂದು ಯಾರೂ ಹಿಗ್ಗಬೇಕಾಗಿಲ್ಲ. ಗೆರೆ ಸರಿಯಾದ ಜಾಗದಲ್ಲಿದೆ ಎಂದ ಮಾತ್ರಕ್ಕೆ ಗೆರೆಯ ಆಚೆ ಬೇರೊಂದು ತತ್ತ್ವವಿದೆ ಎಂದು ಸಿದ್ಧವಾಗುವುದಿಲ್ಲ. ನೆನಪೂ ಬುದ್ಧಿಯೂ ಇಲ್ಲದ ಸಾಕ್ಷಿ ನನ್ನದೊ ನಿಮ್ಮದೊ ಎಂದು ಹೇಳುವ ಗುರುತೇ ಉಳಿಯುವುದಿಲ್ಲ. ಅದ್ವೈತಿ ಅದನ್ನು ಸಂತೋಷದಿಂದಲೇ ಒಪ್ಪುತ್ತಾನೆ, ಆದರೆ ‘ಸತ್ತ ಮೇಲೆ ನಾನು ಎಲ್ಲಿಗೆ ಹೋಗುತ್ತೇನೆ’ ಎಂದು ಕೇಳಿ ಬಂದವರಿಗೆ ಅದು ಹಿಡಿಸುವುದಿಲ್ಲ.

ನಿಮ್ಮ ಕೂಟದಲ್ಲಿ ಶ್ರವಣಬೆಳಗೊಳದ ಕಡೆಯವರು ಇದ್ದರೆ ಜೈನರ ನಿಲುವನ್ನೂ ಕೇಳಿ. ಅರಿವು ಜೀವದ ಲಕ್ಷಣವೇ. ಅದನ್ನು ಮುಸುಕುವ ಜ್ಞಾನಾವರಣ ಕರ್ಮ ಮಾತ್ರ ಸೂಕ್ಷ್ಮವಾದ ಪುದ್ಗಲ, ಎಂದರೆ ಜಡದ್ರವ್ಯ. ಜಡದ ಕೆಲಸ ಇಲ್ಲಿ ಅರಿವನ್ನು ಹುಟ್ಟಿಸುವುದಲ್ಲ, ಮರೆಮಾಡುವುದು. ಐದು ‘ಇಂದ’ಗಳ ಹಾಳೆಗೆ ಆರನೆಯದನ್ನು, ‘ಮೋಡದಿಂದ ಬಿಸಿಲು ಕಡಿಮೆಯಾಯಿತು’ ಎಂಬುದನ್ನು, ನಾವು ಸೇರಿಸಬೇಕಾಯಿತು.

ಕ್ಯೂರಿಂಗ್ ವರ್ಕ್ಸಿನೊಳಗೆ ಒಂದು ಬೆಳಗ್ಗೆ

ನಾಲ್ಕನೆಯ ಸಲ ಜಗಲಿ ಬಿಟ್ಟು ಹೊರಗೆ ಹೋಗಿ. ಜರ್ಮನಿಯ ತತ್ತ್ವಜ್ಞ ಲೈಬ್ನಿಟ್ಸ್ 1714ರಲ್ಲಿ ಒಂದು ಕಲ್ಪನೆ ಮಾಡಿದ: ಯೋಚಿಸುವ, ಅನುಭವಿಸುವ ಯಂತ್ರವೊಂದಿದ್ದು, ಅದನ್ನು ಹಿಟ್ಟಿನ ಗಿರಣಿಯಷ್ಟು ದೊಡ್ಡದು ಮಾಡಿ ನಾವು ಒಳಗೆ ಹೊಕ್ಕರೆ, ಒಂದನ್ನೊಂದು ತಳ್ಳುವ ಬಿಡಿಭಾಗಗಳು ಕಾಣುತ್ತವೆಯೇ ಹೊರತು ಅನುಭವವನ್ನು ವಿವರಿಸುವಂಥದೇನೂ ಕಾಣುವುದಿಲ್ಲ. ನಮ್ಮೂರಿನಲ್ಲಿ ಇದನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ, ಕಾಫಿ ಬೀಜವನ್ನು ಸುಲಿದು ವಿಂಗಡಿಸುವ ಕಾರ್ಖಾನೆ, ಕಾಫಿ ಕ್ಯೂರಿಂಗ್ ವರ್ಕ್ಸ್, ಇದೆ. ಮೊದಲೇ ಅನುಮತಿ ಕೇಳಿ, ಮಳೆಗಾಲಕ್ಕೆ ಕಾಯದೆ ಕುಯ್ಲಿನ ನಂತರ ಕೆಲಸ ಭರದಿಂದ ನಡೆಯುವ ತಿಂಗಳುಗಳಲ್ಲಿ ಹೋಗಿ.

ನಾವು ಹೋದ ಕಡೆ ಮೇಲಿನ ಅಟ್ಟದಿಂದ ಸಿಪ್ಪೆ ಬಿಡಿಸುವ ಹಲ್ಲರಿಗೆ, ಒಳಸಿಪ್ಪೆ ಸಮೇತ ಒಣಗಿದ ಬೀಜವಾದ ಪಾರ್ಚ್‌ಮೆಂಟ್ ಬೀಳುತ್ತಿತ್ತು. ಸಿಪ್ಪೆ ಒಂದು ಕಡೆ ಹಾರಿ, ಬೀಜ ಅದುರುವ ಜರಡಿಗಳ ಮೇಲೆ ಹರಿದು, ಪೀಬೆರಿ (ದುಂಡನೆಯ ಒಂಟಿ ಬೀಜ), ಎ, ಬಿ, ಸಿ ಎಂದು ಬೇರೆ ಬೇರೆ ಗೂಡುಗಳಿಗೆ ಇಳಿಯುತ್ತಿತ್ತು. ಯಾವ ಜರಡಿಗೂ ‘ಪೀಬೆರಿ’ ಎಂದರೇನೆಂದು ಗೊತ್ತಿಲ್ಲ. ಆದರೂ ವಿಂಗಡಣೆ ನಡೆಯುತ್ತದೆ, ಮತ್ತು ಅದು ಹೇಗೆ ನಡೆಯುತ್ತದೆಂದು ತೂತಿನ ಆಕಾರ, ಇಳಿಜಾರು, ಅದುರುವ ವೇಗ ಇಷ್ಟರಿಂದಲೇ ಪೂರ್ತಿಯಾಗಿ ಹೇಳಬಹುದು. ಎಲ್ಲಿಯೂ ಕಾಣದ ‘ವಿಂಗಡಣೆ’ ಇಡೀ ಗಿರಣಿಯ ಕೆಲಸವಾಗಿ ಇದೆ. ಲೈಬ್ನಿಟ್ಸನ ವಾದ ಇಲ್ಲಿ ಅರ್ಧ ಸೋಲುತ್ತದೆ: ಒಳಹೊಕ್ಕು ನೋಡಿದಾಗ ಬಿಡಿಭಾಗದಲ್ಲಿ ಕಾಣಲಿಲ್ಲ ಎಂಬುದು ಇಡಿಯಲ್ಲಿ ಇಲ್ಲ ಎಂಬುದಕ್ಕೆ ಸಾಕ್ಷ್ಯವಲ್ಲ.

ಉಳಿದರ್ಧ ಪಕ್ಕದ ಸಾಲೆಯಲ್ಲಿತ್ತು. ಅಲ್ಲಿ ಒಂದು ಬದಿಗೆ ಕಲರ್ ಸಾರ್ಟರ್ ಯಂತ್ರ. ಬೀಜ ಕ್ಯಾಮೆರಾದ ಮುಂದೆ ಬೀಳುವಾಗ ಕಪ್ಪು ಕಾಳು ಬಂದರೆ ಗಾಳಿಯ ಒಂದು ಚಿಮ್ಮು ಅದನ್ನು ಹೊರಗೆ ಎಸೆಯುತ್ತದೆ. ಇನ್ನೊಂದು ಬದಿಗೆ ಗಾರ್ಬ್ಲಿಂಗ್ ಮಾಡುವ ಹೆಂಗಸರು, ಮುಂದೆ ಬೀಜ ಹರಡಿಕೊಂಡು ಕಪ್ಪು ಕಾಳನ್ನು ಬೆರಳಿನಿಂದ ಆರಿಸಿ ತೆಗೆಯುತ್ತಿದ್ದರು. ಯಂತ್ರವೂ ಹೆಂಗಸರೂ ಮಾಡುವ ಕೆಲಸ ಒಂದೇ. ಹೆಂಗಸಿಗೆ ಕಪ್ಪು ಕಪ್ಪಾಗಿ ಕಾಣುತ್ತದೆ. ಯಂತ್ರಕ್ಕೆ ಬೆಳಕು ಕಡಿಮೆಯಾದದ್ದು ಒಂದು ಸಂಖ್ಯೆಯಾಗಿ ದಾಖಲಾಗುತ್ತದೆ, ಏನೂ ಕಾಣುವುದಿಲ್ಲವೆಂದು ನಾವು ನಂಬಿದ್ದೇವೆ. ಕಠಿಣ ಸಮಸ್ಯೆ ಎಂದರೆ ಆ ಎರಡು ಬದಿಗಳ ನಡುವಿನ ಹತ್ತಡಿ ಜಾಗ ಎಂದು ನಮ್ಮ ಹುಡುಗನಿಗೆ ತೋರಿಸಿದೆ.

ನನ್ನ ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿರಿಯ ಹೆಂಗಸೊಬ್ಬರನ್ನು, ‘ಅಮ್ಮಾ, ಅಷ್ಟು ಬೇಗ ಹೇಗೆ ಕಾಣುತ್ತೆ?’ ಎಂದು ಕೇಳಿದಾಗ ಅವರು ಪಕ್ಕದವರೊಡನೆ ಆಡುತ್ತಿದ್ದ ಮಾತನ್ನು ನಿಲ್ಲಿಸಿ, ‘ಎಲ್ಲಿ ನೋಡ್ತೀನಿ ಸಾರ್, ಕೈ ತಾನೇ ಆರಿಸ್ಕಂಡು ಹೋಯ್ತದೆ’ ಎಂದರು. ಕಾಣುವವರೂ ಬಹಳ ಹೊತ್ತು ಕಾಣದೆಯೇ ಕೆಲಸ ಮಾಡುತ್ತಾರೆಂದಾಯಿತು. ರೂಢಿಯ ದಾರಿಯೆಂದು ಕಾರು ಓಡಿಸಿಕೊಂಡು ಚಾರ್ಮಾಡಿ ಘಾಟಿ ಇಳಿದವರಿಗೆ, ಘಾಟಿಯ ಮೇಲಿನ ಕೊಟ್ಟಿಗೆಹಾರ ಯಾವಾಗ ಹಿಂದಾಯಿತೆಂದು ನೆನಪಿರುವುದಿಲ್ಲ. ವೈದ್ಯಕೀಯದಲ್ಲಿ ಇದಕ್ಕೆ ಇನ್ನೂ ತೀವ್ರವಾದ ಉದಾಹರಣೆಯಿದೆ: ನೋಟಕ್ಕೆ ಸಂಬಂಧಿಸಿದ ಮಿದುಳಿನ ತೊಗಟೆ ಹಾಳಾದ ಕೆಲವರು ಆ ಬದಿಯಲ್ಲಿ ತಮಗೇನೂ ಕಾಣುವುದಿಲ್ಲವೆಂದು ಹೇಳುತ್ತಲೇ, ಊಹಿಸಿ ತೋರಿಸಿ ಎಂದಾಗ ಬೆಳಕಿನ ಚುಕ್ಕೆಯ ಕಡೆಗೆ ಸರಿಯಾಗಿ ಬೆರಳು ಮಾಡುತ್ತಾರೆ. ಅರಿವಿಲ್ಲದೆ ಇಷ್ಟೆಲ್ಲ ನಡೆಯಬಹುದಾದರೆ, ಅರಿವು ಸೇರಿದಾಗ ಮಿದುಳಿನಲ್ಲಿ ಹೆಚ್ಚಿಗೆ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಅಳೆಯಲು ಬರುತ್ತದೆ. ಈ ಪ್ರಶ್ನೆ ನನಗೆ ತತ್ತ್ವಶಾಸ್ತ್ರದಿಂದ ಪ್ರಯೋಗಾಲಯಕ್ಕೆ ದಾಟುವ ಸಂಕದಂತೆ ತೋರಿತು, ಮತ್ತು ಅದನ್ನು ತೋರಿಸಿಕೊಟ್ಟದ್ದು ಆ ಹೆಂಗಸಿನ ಕೈ.

ಎರಡೂ ಕಡೆಯ ಬಾಕಿ

ಐದನೆಯ ಭಾನುವಾರ ಆತ್ಮವಾದಿ, ಜಡವಾದಿ ಇಬ್ಬರನ್ನೂ ಸಾಲಗಾರರನ್ನಾಗಿ ಕೂರಿಸಿ. ಆತ್ಮವಾದಿಯ ಬಾಕಿಯನ್ನು 1643ರಲ್ಲೇ ಬೊಹಿಮಿಯಾದ ರಾಜಕುಮಾರಿ ಎಲಿಜಬೆತ್ ಡೇಕಾರ್ಟನಿಗೆ ಬರೆದ ಕಾಗದದಲ್ಲಿ ವಸೂಲಿಗೆ ಹಾಕಿದ್ದಾಳೆ: ಜಾಗವನ್ನೇ ತುಂಬದ ಆತ್ಮ ದೇಹವನ್ನು ಹೇಗೆ ಅಲುಗಾಡಿಸುತ್ತದೆ? ಡೇಕಾರ್ಟ್ ಕೊಟ್ಟ ಉತ್ತರಗಳಿಂದ ಆ ಬಾಕಿ ತೀರಲಿಲ್ಲ. ತೂಕ ಹಾಕಿ ನೋಡುವ ದಾರಿಯನ್ನಂತೂ ಹಿಡಿಯಬೇಡಿ. ಬೌದ್ಧರ ದೀಘನಿಕಾಯದಲ್ಲಿ ಪಾಯಾಸಿ ಎಂಬ ಅರಸು ಕಳ್ಳನನ್ನು ಸಾಯುವ ಮುಂಚೆ ಮತ್ತು ಸತ್ತ ಮೇಲೆ ತೂಗಿಸಿ ಜೀವವಿಲ್ಲವೆಂದು ಸಾಧಿಸಲು ನೋಡುತ್ತಾನೆ. 1907ರಲ್ಲಿ ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಆರು ರೋಗಿಗಳನ್ನು ತೂಗಿ, ಒಬ್ಬನಲ್ಲಿ ಕಂಡ 21 ಗ್ರಾಂ ವ್ಯತ್ಯಾಸವನ್ನು ಆತ್ಮದ ತೂಕವೆಂದ. ಇಬ್ಬರೂ ಹೊಗೆಯ ‘ಇಂದ’ವನ್ನು ಹಿಡಿದು ಹೊರಟವರು.

ಜಡವಾದಿಯ ಬಾಕಿ ಇನ್ನೊಂದು ಬಗೆಯದು. 1828ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ ಪ್ರಯೋಗಾಲಯದಲ್ಲಿ ಯೂರಿಯಾ ತಯಾರಿಸಿದ ಮೇಲೆ, ಜೀವಿಗಳ ವಸ್ತುಗಳಿಗೆ ವಿಶೇಷ ಪ್ರಾಣಶಕ್ತಿ ಬೇಕೆಂಬ ನಂಬಿಕೆ ಮೆಲ್ಲನೆ ಕರಗಿತು; ಅರಿವಿನ ಗುಟ್ಟೂ ಹಾಗೆಯೇ ಕರಗುತ್ತದೆಂದು ಜಡವಾದಿ ಹೇಳುತ್ತಾನೆ. ಬೆಳವಣಿಗೆ, ಜೀರ್ಣ, ವಂಶ ಇವೆಲ್ಲ ಹೊರಗಿನಿಂದ ಕಾಣುವ ಕೆಲಸಗಳು, ಕೆಲಸ ವಿವರಿಸಿದರೆ ವಿವರಣೆ ಮುಗಿಯಿತು. ಆದರೆ ನೋವು ಹೊರಗಿನಿಂದ ಕಾಣುವ ಕೆಲಸವಷ್ಟೇ ಅಲ್ಲ. ತಾಂಬೂಲದ ಕೆಂಪು ಕೂಡ, ಸೂಕ್ಷ್ಮವಾಗಿ ನೋಡಿದರೆ, ಕುಟ್ಟಾಣಿಯಲ್ಲಿ ಇರುವುದು ಬೆಳಕನ್ನು ಹಿಂದಿರುಗಿಸುವ ಒಂದು ಬಗೆ. ‘ಕೆಂಪು’ ಎಂದು ಕಾಣುವುದು ನೋಡುವವನಲ್ಲಿ. ಅರಿವನ್ನು ವಿವರಿಸಲು ತಂದ ದೃಷ್ಟಾಂತದೊಳಗೇ ಅರಿವು ಮೊದಲೇ ಬಂದು ಕೂತಿದೆ. ಹಾಗೆಂದು ಅರಿವನ್ನು ಹೊಗೆಯೆಂದುಕೊಂಡರೆ ಇನ್ನೂ ತೊಡಕು: ಯಾವ ಪರಿಣಾಮವನ್ನೂ ಮಾಡದ ಹೊಗೆಯ ಬಗ್ಗೆ ನಮ್ಮ ನಾಲಿಗೆ ಇಷ್ಟೊಂದು ಮಾತನಾಡುವುದಾದರೂ ಹೇಗೆ?

ಪ್ರಯೋಗಾಲಯದವರು ಎಲ್ಲಿಗೆ ಬಂದಿದ್ದಾರೆ

ಕೊನೆಯ ಭಾನುವಾರದ ಮೊದಲ ಗಂಟೆಯನ್ನು ಇದಕ್ಕೆ ಕೊಡಿ. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ರಸ್ತೆ ಅಪಘಾತದ ಬಳಿಕ ಐದು ತಿಂಗಳಿನಿಂದ ಸ್ಪಂದನವಿಲ್ಲದೆ ಮಲಗಿದ್ದ 23 ವರ್ಷದ ತರುಣಿಗೆ, ಸ್ಕ್ಯಾನರಿನೊಳಗೆ ಟೆನಿಸ್ ಆಡುವುದನ್ನೂ ತನ್ನ ಮನೆಯ ಕೋಣೆಗಳಲ್ಲಿ ಓಡಾಡುವುದನ್ನೂ ಕಲ್ಪಿಸಿಕೊಳ್ಳಲು ಹೇಳಿದರು. ಆರೋಗ್ಯವಂತರಲ್ಲಿ ಚುರುಕಾಗುವ ಮಿದುಳಿನ ಭಾಗಗಳೇ ಅವಳಲ್ಲೂ ಚುರುಕಾದವು. ಇದನ್ನು ಓದಿದ ನಮ್ಮ ಸಿಸ್ಟರ್ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಕೈ ಹಿಸುಕಿ ನೋಡಿ ‘ಜ್ಞಾನ ಇಲ್ಲ’ ಎಂದು ತಾವು ಬರೆದ ಕೇಸ್ ಶೀಟುಗಳನ್ನು ಅವರು ನೆನೆಯುತ್ತಿದ್ದರು.

ಸಿದ್ಧಾಂತಗಳಲ್ಲಿ ಮುಖ್ಯವಾದವು ಎರಡು. ಮಿದುಳಿನ ಒಂದು ಮೂಲೆಯ ಸುದ್ದಿ ಇಡೀ ಮಿದುಳಿಗೆ ಡಂಗುರವಾದಾಗ ಅದು ಅರಿವಾಗುತ್ತದೆ ಎಂಬುದು 1988ರಲ್ಲಿ ಬರ್ನಾರ್ಡ್ ಬಾರ್ಸ್ ಆರಂಭಿಸಿದ ದಾರಿ. ಭಾಗಗಳು ಬಿಡಿಸಲಾಗದಂತೆ ಹೆಣೆದುಕೊಂಡಷ್ಟೂ ಅರಿವು ಎಂಬುದು 2004ರಲ್ಲಿ ಜೂಲಿಯೊ ಟೊನೋನಿ ಮುಂದಿಟ್ಟದ್ದು. ಎರಡೂ ಕಡೆಯವರು ಮೊದಲೇ ತಮ್ಮ ಭವಿಷ್ಯವನ್ನು ಬರೆದಿಟ್ಟು, 256 ಜನರ ಮೇಲೆ ಕೂಡಿ ನಡೆಸಿದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಎರಡರ ಮುಖ್ಯ ಭವಿಷ್ಯಗಳಲ್ಲೂ ಕೆಲವು ಸುಳ್ಳಾದವು. ಅದಕ್ಕೂ ಮುಂಚೆ, 2023ರಲ್ಲಿ, ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ 25 ವರ್ಷದ ಹಿಂದೆ ಕಟ್ಟಿದ ಪಂದ್ಯದಲ್ಲಿ ಸೋತು ಚಾಮರ್ಸ್‌ಗೆ ವೈನಿನ ಪೆಟ್ಟಿಗೆಯನ್ನು ಒಪ್ಪಿಸಿದ್ದರು. ಅರಿವಿನ ನರಮೂಲ ಅಷ್ಟರಲ್ಲಿ ಸಿಕ್ಕಿರುತ್ತದೆ ಎಂಬುದು ಪಂದ್ಯವಾಗಿತ್ತು. ಪಂದ್ಯ ಸೋಲುವುದಕ್ಕೂ ಪ್ರಶ್ನೆ ಸೋಲುವುದಕ್ಕೂ ವ್ಯತ್ಯಾಸವಿದೆಯೆಂದು ಕಾಫಿ ದರದ ಮೇಲೆ ಎಷ್ಟೋ ಸಲ ಅಂದಾಜು ತಪ್ಪಿದ ಬೆಳೆಗಾರರೇ ಹೇಳಿದರು.

ಎರಡನೆಯ ಗಂಟೆಯಲ್ಲಿ ಪ್ರತಿಯೊಬ್ಬರೂ ತಮ್ಮ ನಿಲುವನ್ನು ಚೀಟಿಯಲ್ಲಿ ಬರೆಯಬೇಕು: ಯಾವ ‘ಇಂದ’ ತಮ್ಮದು, ಮತ್ತು ಏನು ಕಂಡರೆ ತಾವು ಅದನ್ನು ಬಿಡುತ್ತೇವೆ. ಎರಡನೆಯ ಭಾಗ ಬರೆಯದ ಚೀಟಿಯನ್ನು ಡಬ್ಬಿಗೆ ಹಾಕಿಕೊಳ್ಳಬೇಡಿ. ನಾನು ‘ಕಾಲಿನಿಂದ ನಡಿಗೆ’ ಎಂದು ಬರೆದೆ. ಅರಿವು ಮಿದುಳಿನೊಳಗಿಂದ ಹೊರಬರುವ ವಸ್ತುವಲ್ಲ, ಒಂದು ಬಗೆಯಲ್ಲಿ ಹೆಣೆದ ಜಡ ಒಂದು ಬಗೆಯಲ್ಲಿ ನಡೆಯುವುದನ್ನೇ ಒಳಗಿನಿಂದ ಅರಿವು ಎನ್ನುತ್ತೇವೆ ಎಂಬುದು ನನಗೆ ಹೆಚ್ಚು ಸಂಭವವೆನಿಸುತ್ತದೆ. ‘ಒಳಗಿನಿಂದ’ ಎಂಬ ಪದವನ್ನು ನಾನು ಇನ್ನೂ ವಿವರಿಸಿಲ್ಲವೆಂದು ಮೇಷ್ಟ್ರು ಆ ಚೀಟಿಯ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಕೆಲಸ ನಿಂತ ಮಿದುಳಿನಲ್ಲೂ ಅರಿವಿತ್ತೆಂದು ಅಲುಗಾಡದ ಸಾಕ್ಷ್ಯ ಸಿಕ್ಕರೆ ನನ್ನ ನಿಲುವನ್ನು ಬಿಡುತ್ತೇನೆ. ಮೇಷ್ಟ್ರು ‘ದೀಪದಿಂದ ಕಂಡಿತು’ ಎಂದು ಬರೆದು, ಎರಡನೆಯ ಭಾಗಕ್ಕೆ ಇಪ್ಪತ್ತು ನಿಮಿಷ ಯೋಚಿಸಿ, ಸಾಕ್ಷಿಯನ್ನು ಯಾವ ಪ್ರಯೋಗವೂ ಮುಟ್ಟಲಾರದಾದ್ದರಿಂದ ತಮ್ಮ ಚೀಟಿಯನ್ನು ಡಬ್ಬಿಗೆ ಹಾಕುವಂತಿಲ್ಲವೆಂದು ತಾವೇ ನಿರ್ಧರಿಸಿ ಜೇಬಿನಲ್ಲಿಟ್ಟುಕೊಂಡರು. ಸಿಸ್ಟರ್ ತಮ್ಮ ಚೀಟಿಯಲ್ಲಿ ಯಾವ ‘ಇಂದ’ವನ್ನೂ ಬರೆಯದೆ, ಇನ್ನು ಮುಂದೆ ಜ್ಞಾನ ತಪ್ಪಿದವರ ಹಾಸಿಗೆಯ ಪಕ್ಕದಲ್ಲಿ ಯಾರೂ ಅವರ ಬಗ್ಗೆ ಮಾತನಾಡಬಾರದು ಎಂದಷ್ಟೇ ಬರೆದಿದ್ದರು, ನಿಯಮಕ್ಕೆ ಹೊಂದದಿದ್ದರೂ ಅದನ್ನು ಡಬ್ಬಿಗೆ ಹಾಕಿಕೊಂಡೆವು. ಡಬ್ಬಿಯನ್ನು ಮುಂದಿನ ಜೂನ್‌ನಲ್ಲಿ ತೆರೆಯುತ್ತೇವೆ.